ಸಮನ್ಸಿನ ಶಾಂತಮ್ಮ

ಬೆಳಿಗ್ಗೆ ಮನೆ ಬಿಡುವ ಮೊದಲು ಶಾಂತಮ್ಮ ಸ್ಟೀಲ್ ಬಾಟಲಿಗೆ ಕಾಯಿಸಿ ಆರಿಸಿದ ನೀರು ತುಂಬುತ್ತಾರೆ. ಮುಚ್ಚಳ ಬಿಗಿದು, ಬಾಟಲಿಯನ್ನು ಒಮ್ಮೆ ತಲೆಕೆಳಗು ಮಾಡಿ, ಅಂಗೈ ಒದ್ದೆಯಾಗಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಚೀಲದಲ್ಲಿ ಕೋರ್ಟಿನ ಕಾಗದಗಳಿಗೆ ತಾಗದ ಹಾಗೆ ಪಕ್ಕದ ಜೇಬಿಗೆ ಇಳಿಸುತ್ತಾರೆ. ದೇವರ ಮುಂದೆ ದೀಪ ಹಚ್ಚುವುದು ಎಂದಾದರೊಮ್ಮೆ ತಡವಾಗಿದೆ. ಇದು ಹದಿನೆಂಟು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ.

"ಏನೇ, ನೈರೋಬಿಲಿ ನೀರಿಗೆ ಬರ ಬಂದಿದ್ಯಾ?" ಎಂದು ಗಂಡ ಬಾಲಕೃಷ್ಣ ವಾರಕ್ಕೊಮ್ಮೆಯಾದರೂ ಕೆಣಕುತ್ತಾರೆ. ಅವರು ಪಾರ್ಕ್‌ಲ್ಯಾಂಡ್ಸಿನ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು, ಸಂಜೆ ಮನೆಪಾಠಕ್ಕೂ ಹೋಗುತ್ತಾರೆ.

"ನೀವು ಪಾಠ ಮಾಡೋ ಮನೆಗಳಲ್ಲಿ ಕಾಫಿ ಕೊಡ್ತಾರೆ. ನಾನು ಹೋಗೋ ಮನೆಗಳಲ್ಲಿ ಬಾಗಿಲು ಹಾಕ್ಕೊಳ್ತಾರೆ" ಎನ್ನುತ್ತಾರೆ ಶಾಂತಮ್ಮ.

ಬಾಗಿಲು ಹಾಕಿಕೊಳ್ಳುವುದೇನೋ ನಿಜ. ಆದರೆ ಬಾಟಲಿಯ ಕಾರಣ ಅದಲ್ಲ. ಶಾಂತಮ್ಮನ ಕೆಲಸ ಕೋರ್ಟಿನ ಸಮನ್ಸು, ನೋಟೀಸು, ಆದೇಶಗಳನ್ನು ಸಂಬಂಧಪಟ್ಟವರ ಕೈಗೆ ಮುಟ್ಟಿಸುವುದು. ಕರ್ನಾಟಕದ ಕೋರ್ಟುಗಳಲ್ಲಿ ಅಮೀನರು ಮಾಡುವ ಕೆಲಸ. ಕೀನ್ಯಾದಲ್ಲಿ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಇದೆ, ವರ್ಷ ವರ್ಷವೂ ಹೊಸದು ಮಾಡಿಸಬೇಕು. ಕಾಗದ ಕೊಟ್ಟ ಮೇಲೆ ಎಲ್ಲಿ, ಎಷ್ಟು ಗಂಟೆಗೆ, ಯಾರ ಕೈಗೆ ಕೊಟ್ಟೆ, ಅವರೇ ಎಂದು ಹೇಗೆ ತಿಳಿಯಿತು ಎಂಬುದನ್ನೆಲ್ಲ ಪ್ರಮಾಣ ಮಾಡಿ ಬರೆದುಕೊಡಬೇಕು. ಆ ಒಂದು ಹಾಳೆಯ ಮೇಲೆ ನ್ಯಾಯಾಧೀಶರು ಇಡೀ ಮೊಕದ್ದಮೆ ನಡೆಸುತ್ತಾರೆ. ಕರೆ ಮುಟ್ಟಿದೆ ಎಂದು ಆ ಹಾಳೆ ಹೇಳಿದರೆ ಮುಟ್ಟಿದೆ. ಬಾರದವರದೇ ತಪ್ಪು.

ಅರಸೀಕೆರೆಯಲ್ಲಿ ಪಿಯುಸಿ ಮುಗಿಸಿ, ಟೈಪಿಂಗ್ ಸೀನಿಯರ್ ಪಾಸು ಮಾಡಿ, ಮದುವೆಯಾಗಿ ನೈರೋಬಿಗೆ ಬಂದವರು ಶಾಂತಮ್ಮ. ಊರಿನ ನಡುವಿನ ಸಿಬಿಡಿಯಲ್ಲಿ ಒಂದು ವಕೀಲರ ಆಫೀಸಿಗೆ ಟೈಪಿಸ್ಟ್ ಆಗಿ ಸೇರಿದರು. ಇಂಗ್ಲಿಷ್ ಕಲಿತದ್ದು ಟೈಪು ಮಾಡಿದ ದಾವೆಗಳಿಂದ, ಸ್ವಾಹಿಲಿ ಕಲಿತದ್ದು ಊರೆಲ್ಲ ಓಡಾಡುವ ಮಟಾಟು ವ್ಯಾನುಗಳಲ್ಲಿ. ಆ ಆಫೀಸಿನ ಹೆಡ್ ಕ್ಲರ್ಕ್ ಪೀಟರ್ ಅವರನ್ನು ಕರೆಯುತ್ತಿದ್ದದ್ದು ಮಾಮಾ ಎಂದು, ಸ್ವಾಹಿಲಿಯಲ್ಲಿ ಅಮ್ಮ ಎಂದರ್ಥ. ಅವನು ಒಂದು ದಿನ, "ಮಾಮಾ, ನಿನಗೆ ಕೂತು ಕುಟ್ಟುವುದಕ್ಕಿಂತ ನಡೆಯುವುದು ಚೆನ್ನಾಗಿ ಬರುತ್ತದೆ. ಲೈಸೆನ್ಸ್ ತೆಗೆದುಕೋ" ಎಂದ. ಕೆಲಸ ಕಲಿಸಿದವನೂ ಅವನೇ. ಮೊದಲ ದಿನದ ಮೊದಲ ಪಾಠವೇ ನೀರಿನದು.

"ಸಮನ್ಸು ಕೊಡುವ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಬೇಡ. ಕುಡಿದರೆ ನೀನು ಅತಿಥಿ. ಅತಿಥಿಗೆ ಮನೆಯವರ ಮುಖ ನೋಡಿ ಮಾತಾಡಬೇಕು ಅನಿಸುತ್ತದೆ. ಕೋರ್ಟಿನವಳಿಗೆ ಹಾಗೆ ಅನಿಸಬಾರದು."

ಶಾಂತಮ್ಮ ಮರುದಿನವೇ ಬಾಟಲಿ ಕೊಂಡರು.

ಅವರ ಕೆಲಸದ ರೀತಿ ನೋಡಬೇಕು. ಸಮನ್ಸನ್ನು ಬಾಗಿಲ ಸಂದಿಯಲ್ಲಿ ತೂರಿಸಿ, ಕಾವಲಿನ ಅಸ್ಕಾರಿಯ ಕೈಗೆ ಕೊಟ್ಟು, ಮುಟ್ಟಿಸಿದೆ ಎಂದು ಬರೆಯುವವರು ಇದ್ದಾರೆ. ಶಾಂತಮ್ಮ ಮೂರು ಸಲ ಹೋಗುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಆಗಲೂ ಸಿಗದಿದ್ದರೆ ಶನಿವಾರ. ಗೇಟಿನಾಚೆ ಜಕರಂಡ ಮರದ ಕೆಳಗೆ ಕರವಸ್ತ್ರ ಹಾಸಿ ಕೂತು ಕಾಯುತ್ತಾರೆ. ಎದುರಾದವರಿಗೆ ಹೆಸರು ಕೇಳಿ, ಕಾಗದ ಕೊಟ್ಟು, ಓಡಿಹೋಗದೆ ಅಲ್ಲೇ ನಿಂತು, "ಇದು ನಿಮ್ಮ ಮೇಲೆ ಶಿಕ್ಷೆ ಅಲ್ಲ. ಬಂದು ಮಾತಾಡಿ ಎಂದು ಕೋರ್ಟು ಕರೆದಿರುವುದು. ಈ ತಾರೀಖು ಮರೆಯಬೇಡಿ" ಎಂದು ತಾರೀಖಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಬೈದವರಿದ್ದಾರೆ, ನಾಯಿ ಬಿಟ್ಟವರಿದ್ದಾರೆ. ಒಬ್ಬ ಮುದುಕ ಸಮನ್ಸು ಓದಿ ಅಳತೊಡಗಿದಾಗ ಅವನ ಮಗಳು ಬರುವವರೆಗೂ ಮೆಟ್ಟಿಲ ಮೇಲೆ ಅವನ ಪಕ್ಕದಲ್ಲೇ ಕೂತಿದ್ದರು. ಅವತ್ತೂ ಅವರು ಕುಡಿದದ್ದು ತಮ್ಮ ಬಾಟಲಿಯ ನೀರು.

ಇಂಥವರೂ ಒಮ್ಮೆ ಎಡವಿದರು.

ಅದು ಜುಲೈ ತಿಂಗಳು. ನೈರೋಬಿಯಲ್ಲಿ ಸ್ವೆಟರ್ ಬಿಚ್ಚಲಾಗದ ಚಳಿ. ಪೀಟರನ ಆಫೀಸಿನಿಂದಲೇ ಬಂದ ಕಾಗದ, ಮಕ್ಕಳ ಕೋರ್ಟಿನದು. ಶಮಂತ್ ಎಂಬ ಎಂಜಿನಿಯರ್ ಹೆಂಡತಿಯಿಂದ ಬೇರೆಯಾಗಿ ಫ್ಯಾಕ್ಟರಿಯ ಹತ್ತಿರ ಮನೆ ಮಾಡಿಕೊಂಡಿದ್ದ. ಆರು ವರ್ಷದ ಮಗಳು ಸಾನ್ವಿಯನ್ನು ತನ್ನ ವಶಕ್ಕೆ ಕೊಡಬೇಕು, ಮೈಸೂರಿಗೆ ಕರೆದುಕೊಂಡು ಹೋಗಲು ಅನುಮತಿ ಬೇಕು ಎಂದು ಕೇಳಿದ್ದ. ಸಮನ್ಸು ಮುಟ್ಟಬೇಕಾದದ್ದು ಮಗುವಿನ ತಾಯಿ ಡಾಕ್ಟರ್ ಅಪೂರ್ವಾಳಿಗೆ. ವಿಳಾಸ ಕಿಲಿಮಾನಿಯ ಒಂದು ಅಪಾರ್ಟ್‌ಮೆಂಟ್, ಮೂರನೆಯ ಮಹಡಿ.

ಶುಕ್ರವಾರ ಸಂಜೆ ಐದೂಕಾಲಿಗೆ ಶಾಂತಮ್ಮ ಬೆಲ್ ಒತ್ತಿದರು. ಬಾಗಿಲು ತೆಗೆದದ್ದು ಒಂದು ಪುಟ್ಟ ಹುಡುಗಿ.

"ಅಮ್ಮ ಇದಾರಾ ಪುಟ್ಟಿ?"

"ಮಮ್ಮಿ ಈಸ್ ಅಟ್ ದಿ ಕ್ಲಿನಿಕ್. ಶಿ ಕಮ್ಸ್ ಅಟ್ ಸಿಕ್ಸ್" ಎಂದಿತು ಮಗು. ಒಳಗಿನಿಂದ ಸಾಂಬ್ರಾಣಿಯ ಹೊಗೆ, ಅದರ ಹಿಂದೆಯೇ ಅರವತ್ತೈದರ ಒಬ್ಬ ಹೆಂಗಸು, ಕೈಯಲ್ಲಿ ಮಂಗಳಾರತಿ ತಟ್ಟೆ.

"ಯಾರಮ್ಮ? ಕನ್ನಡದೋರಾ? ಅಯ್ಯೋ, ಬಾಮ್ಮ ಒಳಗೆ. ಆಷಾಢ ಶುಕ್ರವಾರ, ಒಬ್ಬ ಮುತ್ತೈದೆನೂ ಬರಲಿಲ್ಲವಲ್ಲಾ ಅಂತ ಈಗ ತಾನೆ ತಾಯಿ ಹತ್ರ ಹೇಳ್ಕೊಂಡೆ. ನೋಡು, ಅವಳೇ ಕಳಿಸಿದಾಳೆ."

"ನಾನು ಕೋರ್ಟಿನ ಕಡೆಯಿಂದ ಬಂದಿರೋದು ಅಮ್ಮ. ಅಪೂರ್ವಾ ಅವರಿಗೆ ಒಂದು ಕಾಗದ ಇದೆ. ಇಲ್ಲೇ ಹೊರಗಡೆ ಕಾಯ್ತೀನಿ."

"ಎಲ್ಲಿಂದನಾದ್ರೂ ಬಾರಮ್ಮ. ಹೊಸಿಲ ಹತ್ರ ನಿಂತ್ಕೊಂಡು ಮಾತಾಡ್ಬಾರದು."

ಕಾಫಿ ಬೇಡ ಎಂದರು ಶಾಂತಮ್ಮ. ನೀರೂ ಬೇಡ ಎಂದು ಚೀಲದ ಬಾಟಲಿ ತೋರಿಸಿದರು. ಆದರೆ ಕುಂಕುಮದ ಬಟ್ಟಲು ಮುಂದೆ ಬಂದಾಗ ಬೇಡ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಹುಟ್ಟಿದಂದಿನಿಂದ ಯಾವ ಹೆಣ್ಣುಮಗಳೂ ಅದಕ್ಕೆ ಬೇಡ ಎಂದದ್ದನ್ನು ಅವರು ಕಂಡಿರಲಿಲ್ಲ. ಅರಿಶಿನ ಕುಂಕುಮ ಹಚ್ಚಿಕೊಂಡರು. ಸೆರಗೊಡ್ಡಿ ತಾಂಬೂಲ ತೆಗೆದುಕೊಂಡರು: ಎರಡು ಬಾಳೆಹಣ್ಣು, ಒಂದು ತೆಂಗಿನಕಾಯಿ, ಹಸಿರು ರವಿಕೆ ಬಟ್ಟೆ. ದೊಡ್ಡವರೆಂದು ಕಾಲಿಗೂ ನಮಸ್ಕಾರ ಮಾಡಿದರು.

"ಕೊಡಮ್ಮ, ಆ ಕಾಗದ ನಾನೇ ಅವಳಿಗೆ ಕೊಡ್ತೀನಿ. ನೀನು ಚಳೀಲಿ ಯಾಕೆ ಕಾಯ್ತೀಯ?" ಎಂದು ಆ ತಾಯಿ ಕೈ ಚಾಚಿದರು.

ಈಗಷ್ಟೇ ತಾಂಬೂಲ ಕೊಟ್ಟ ಕೈ. ಅದಕ್ಕೆ, ನಿಮ್ಮ ಕೈಗೆ ಕೊಡಲಾರೆ ಎನ್ನುವುದು ಹೇಗೆ? ಮನೆಯಲ್ಲಿ ಜೊತೆಗಿರುವ ವಯಸ್ಕರಿಗೆ ಕೊಟ್ಟರೂ ನಡೆಯುತ್ತದೆ ಎಂಬ ನಿಯಮ ಇದ್ದೇ ಇತ್ತು. ಆದರೆ ಆಸಾಮಿ ಹುಡುಕಿದರೂ ಸಿಗದಿದ್ದಾಗ ಮಾತ್ರ. ಅಪೂರ್ವಾ ಮುಕ್ಕಾಲು ಗಂಟೆಯಲ್ಲಿ ಬರುವವಳಿದ್ದಳು. ಶಾಂತಮ್ಮ ಕಾಗದ ಕೊಟ್ಟರು, ಸಹಿ ಹಾಕಿಸಿಕೊಂಡರು, ಕೆಳಗಿಳಿದರು. ಈ ತಾಯಿ ಅಪೂರ್ವಾಳಿಗೆ ಏನಾಗಬೇಕು ಎಂದು ಕೇಳಲೇ ಇಲ್ಲ. ಮನೆಯಲ್ಲಿ ಅಷ್ಟು ಸಲುಗೆಯಿಂದ ಇದ್ದವರು ಅವಳ ತಾಯಿಯೇ ಇರಬೇಕು ಎಂದುಕೊಂಡರು. ಅಫಿಡವಿಟ್‌ನಲ್ಲಿ, ಆಸಾಮಿ ಸಿಗಲಿಲ್ಲ, ಜೊತೆಯಲ್ಲಿ ವಾಸವಿರುವ ಹಿರಿಯರಿಗೆ ಕೊಡಲಾಯಿತು ಎಂದು ಬರೆದರು. ತಾಂಬೂಲದ ವಿಷಯ ಬರೆಯಲಿಲ್ಲ. ಅದನ್ನು ಬರೆಯಬೇಕೆಂದು ಹೊಳೆಯಲೂ ಇಲ್ಲ.

ಸೆಪ್ಟೆಂಬರಿನಲ್ಲಿ ಅದೇ ಮೊಕದ್ದಮೆಯ ಆದೇಶ ಅವರ ಕೈಗೆ ಬಂತು. ಈ ಸಲ ಹರ್ಲಿಂಗ್‌ಹ್ಯಾಮ್‌ನ ಕ್ಲಿನಿಕ್‌ಗೇ ಹೋದರು. ಮೂಳೆಯ ಡಾಕ್ಟರ್ ಅಪೂರ್ವಾ ಎರಡು ರೋಗಿಗಳ ನಡುವೆ ಹೊರಗೆ ಬಂದು, ನಿಂತಲ್ಲೇ ಕಾಗದ ಬಿಡಿಸಿ ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಓದಿದಳು.

"ಇದು ಏನು? ನಾನು ಕೋರ್ಟಿಗೆ ಬರಲಿಲ್ಲ, ಅದಕ್ಕೆ ಸಾನ್ವಿನ ಶಮಂತ್‌ಗೆ ಕೊಟ್ಟಿದೀವಿ ಅಂತ ಇದೆ. ಹನ್ನೊಂದನೇ ದಿನಕ್ಕೆ ಫ್ಲೈಟು. ನನ್ನನ್ನ ಯಾರು ಕರೆದರು?"

"ಸಮನ್ಸು ಬಂದಿತ್ತಲ್ಲ ಮೇಡಂ. ಜುಲೈನಲ್ಲಿ."

"ಯಾವ ಸಮನ್ಸು?"

ಹದಿನೆಂಟು ವರ್ಷದಲ್ಲಿ ಶಾಂತಮ್ಮ ಸುಳ್ಳು ಹೇಳುವ ಮುಖಗಳನ್ನು ಸಾಕಷ್ಟು ನೋಡಿದ್ದರು. ಇದು ಅಂಥ ಮುಖವಲ್ಲ.

"ಮನೆಗೇ ತಂದಿದ್ದೆ. ನಿಮ್ಮ ತಾಯಿ ಕೈಗೆ ಕೊಟ್ಟೆ."

"ನನ್ನ ತಾಯಿ ತೀರಿಕೊಂಡು ಆರು ವರ್ಷ ಆಯ್ತು" ಎಂದಳು ಅಪೂರ್ವಾ. "ಮನೇಲಿರೋದು ನಮ್ಮತ್ತೆ. ಶಮಂತನ ಅಮ್ಮ. ಅವನು ಹೋದ್ರೂ ಅವರು ನಮ್ಮ ಜೊತೇಲೇ ಉಳಿದ್ರು."

ಅವಳು ಅಲ್ಲೇ ಫೋನ್ ಮಾಡಿದಳು. ಆ ಸಮನ್ಸು ಎಲ್ಲಿ ಎಂದು ಅತ್ತೆಯನ್ನು ಕೇಳಿದಳು. ಪಕ್ಕದಲ್ಲಿ ನಿಂತ ಶಾಂತಮ್ಮನಿಗೂ ಕೇಳುವಂತೆ, ಒಂದು ಸಣ್ಣ ದನಿ ಬಂತು.

"ದೇವರ ಫೋಟೋ ಹಿಂದೆ ಇಟ್ಟಿದೀನಿ ಕಣೆ. ನೀನು ನೋಡಿದ್ರೆ ಜಗಳ ದೊಡ್ಡದಾಗತ್ತೆ ಅಂತ. ನೀನು ಹೋಗದಿದ್ರೆ ಕೇಸು ತಾನಾಗೇ ನಿಂತ್ಹೋಗತ್ತೆ, ಅವನು ವಾಪಸ್ ಬರ್ತಾನೆ ಅಂದ್ಕೊಂಡೆ. ಮಗೂನ ಕಿತ್ಕೊಳೋಕೆ ಅಂತ ಅವನು ನಂಗೂ ಹೇಳಿರಲಿಲ್ಲ."

ಕೆಡುಕು ಬಯಸಿದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಒಂದು ಮಗು ಹನ್ನೊಂದು ದಿನದಲ್ಲಿ ತಾಯಿಯಿಂದ ದೂರವಾಗುವುದಿತ್ತು. ಅದಕ್ಕೆ ಆಧಾರವಾಗಿ ನಿಂತಿದ್ದದ್ದು ಶಾಂತಮ್ಮನ ಸಹಿ ಇರುವ ಒಂದು ಹಾಳೆ.

"ಇವತ್ತೇ ಒಬ್ಬ ವಕೀಲರನ್ನ ನೋಡಿ" ಎಂದರು ಅವರು. "ನನ್ನನ್ನ ಕರೆಸಿ ಅಂತ ಅವರಿಗೆ ಹೇಳಿ. ನಾನು ಬರ್ತೀನಿ."

ಮಟಾಟುವಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪ್ರತಿದಿನದಂತೆ ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳಲು ಹೊರಟು, ಎರಡನೆಯ ಸಾಲಿಗೇ ಮರೆತುಹೋಯಿತು. ಮತ್ತೆ ಮೊದಲಿನಿಂದ ತೆಗೆದರು. ಮತ್ತೆ ಮರೆಯಿತು. ಆಮೇಲೆ, ತಪ್ಪು ಒಪ್ಪಿಕೊಳ್ಳುವಾಗ ದನಿ ನಡುಗದ ಹಾಗೆ ನೋಡಿಕೋ ಎಂದಷ್ಟೇ ಕೇಳಿಕೊಂಡರು.

ಸಿಬಿಡಿಯ ಆಫೀಸಿನಲ್ಲಿ ಪೀಟರ್ ಇಡೀ ಕಥೆಯನ್ನು ಕನ್ನಡಕ ತೆಗೆದಿಟ್ಟು ಕೇಳಿದ.

"ಅವತ್ತು ಬಾಟಲಿ ಇರಲಿಲ್ಲವೇ ಮಾಮಾ?"

"ಇತ್ತು. ಅವರ ಮನೆಯ ನೀರು ಮುಟ್ಟಲಿಲ್ಲ."

"ಮತ್ತೆ?"

ಶಾಂತಮ್ಮ ಚೀಲದಿಂದ ಹಸಿರು ರವಿಕೆ ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು. ಹೊಲಿಸಲು ಕೊಡಬೇಕೆಂದು ಎರಡು ತಿಂಗಳಿಂದ ಚೀಲದಲ್ಲೇ ಓಡಾಡುತ್ತಿತ್ತು. ಪೀಟರ್ ಅದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದ.

"ಇಷ್ಟು ಚಿಕ್ಕದಾ? ಇದಕ್ಕೆ ಯಾವ ಕೋರ್ಟೂ ಲಂಚ ಅನ್ನುವುದಿಲ್ಲ."

"ಲಂಚ ಅಲ್ಲ ಪೀಟರ್. ಲಂಚವಾಗಿದ್ದರೆ ಬೇಡ ಅನ್ನುತ್ತಿದ್ದೆ."

ಪೀಟರ್ ನಕ್ಕ. ಆಮೇಲೆ ನಗು ನಿಲ್ಲಿಸಿ ತಗ್ಗಿದ ದನಿಯಲ್ಲಿ ಹೇಳಿದ. "ಕಾನೂನಿನ ಪ್ರಕಾರ ನಿನ್ನ ಅಫಿಡವಿಟ್ ನಿಲ್ಲುತ್ತದೆ. ಹಿರಿಯರಿಗೆ ಕೊಟ್ಟೆ, ಸಹಿ ಇದೆ, ಮುಗಿಯಿತು. ನೀನೇ ಎದ್ದುನಿಂತು ತಪ್ಪಾಯಿತು ಎಂದರೆ ನಮ್ಮ ಕಕ್ಷಿದಾರನ ಗೆದ್ದ ಕೇಸು ಬಿದ್ದುಹೋಗುತ್ತದೆ. ಸಾಹೇಬರು ನಿನಗೆ ಇನ್ನೊಂದು ಕಾಗದ ಕೊಡುವುದಿಲ್ಲ. ಡಿಸೆಂಬರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕುವಾಗ ಅಲ್ಲಿಯೂ ಕೇಳುತ್ತಾರೆ. ಸುಮ್ಮನಿದ್ದರೆ ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ."

"ಮಗು ಕೇಳುತ್ತದೆ."

"ಯಾವ ಮಗು?"

"ಬಾಗಿಲು ತೆಗೆದ ಮಗು. ಅಮ್ಮ ಆರು ಗಂಟೆಗೆ ಬರುತ್ತಾಳೆ ಎಂದು ಅದು ಸರಿಯಾಗೇ ಹೇಳಿತ್ತು. ನಾನು ಕಾಯಲಿಲ್ಲ."

ಪೀಟರ್ ಕನ್ನಡಕ ಹಾಕಿಕೊಂಡ. ಒಂದು ಬಿಳಿ ಹಾಳೆ ಈ ಕಡೆಗೆ ತಳ್ಳಿದ. "ಈ ಆಫೀಸಿನ ಮೆಷಿನ್ನಿನಲ್ಲಿ ಟೈಪು ಮಾಡಬೇಡ. ಕೈಯಲ್ಲಿ ಬರೆ. ನಾನು ನೋಡಿಲ್ಲ."

ಅಪೂರ್ವಾಳ ವಕೀಲೆ ಮೇರಿ ಮೂರೇ ದಿನದಲ್ಲಿ ಅರ್ಜಿ ಹಾಕಿದಳು. ಅದರ ಜೊತೆ ಶಾಂತಮ್ಮನ ಎರಡನೆಯ ಅಫಿಡವಿಟ್ ಇತ್ತು. ಏಳನೆಯ ದಿನ ಮಕ್ಕಳ ಕೋರ್ಟಿನಲ್ಲಿ ಅವರನ್ನು ಕಟಕಟೆಗೆ ಕರೆದರು. ಸಾವಿರಾರು ಸಲ ಇತರರನ್ನು ಇಲ್ಲಿಗೆ ಕರೆದು ತಂದ ಹೆಂಗಸು, ತಾನು ಅಲ್ಲಿ ನಿಂತದ್ದು ಎರಡೋ ಮೂರೋ ಸಲ. ಮಂಡಿ ನೋಯುತ್ತಿತ್ತು. ಕೂತುಕೊಳ್ಳಬಹುದು ಎಂದರೂ ಕೂರಲಿಲ್ಲ.

ಶಮಂತನ ವಕೀಲರು ಹದಿನೆಂಟು ವರ್ಷ ಶಾಂತಮ್ಮನ ಕೈಯಲ್ಲೇ ಕಾಗದ ಕಳಿಸಿದವರು. ಈಗ ಅವರೇ ಅಡ್ಡಪ್ರಶ್ನೆಗೆ ಎದ್ದರು.

"ನಿಮ್ಮ ಮೊದಲ ಅಫಿಡವಿಟ್ ಸುಳ್ಳೇ?"

"ಬರೆದದ್ದು ಸುಳ್ಳಲ್ಲ ಸರ್. ಬರೆಯದೆ ಬಿಟ್ಟದ್ದರಿಂದ ಸುಳ್ಳಾಯಿತು."

"ಏನು ಬಿಟ್ಟಿರಿ?"

"ಅವರು ಆರು ಗಂಟೆಗೆ ಬರುತ್ತಾರೆ ಎಂದು ಮಗು ಹೇಳಿದ್ದು. ನಾನು ಕಾಯದೆ ಇದ್ದದ್ದು. ಕಾಗದ ತೆಗೆದುಕೊಂಡವರು ಯಾರೆಂದು ಕೇಳದೆ ಇದ್ದದ್ದು. ಮತ್ತೆ ಇದು."

ಹಸಿರು ರವಿಕೆ ಬಟ್ಟೆಯನ್ನು ಕೋರ್ಟ್ ಕ್ಲರ್ಕ್ ನ್ಯಾಯಾಧೀಶೆಯ ಮುಂದಿಟ್ಟ. ಆಕೆ ಅದನ್ನು ಬಿಡಿಸಿ, ತಿರುಗಿಸಿ ನೋಡಿದರು.

"ಇದರಿಂದ ಏನು ಮಾಡುತ್ತಾರೆ?"

"ರವಿಕೆ ಹೊಲಿಸುತ್ತಾರೆ ಯುವರ್ ಆನರ್. ಸಾಮಾನ್ಯವಾಗಿ ಹೊಲಿಸುವುದಿಲ್ಲ, ಇನ್ನೊಬ್ಬರಿಗೆ ಕೊಡುತ್ತಾರೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶೆಯ ತುಟಿಯೂ ಸ್ವಲ್ಪ ಸಡಿಲವಾಯಿತು.

"ಇದನ್ನು ತೆಗೆದುಕೊಂಡದ್ದರಿಂದ ನಿಮ್ಮ ಕೆಲಸ ಹೇಗೆ ಕೆಟ್ಟಿತು? ನನಗೆ ಅರ್ಥವಾಗುವಂತೆ ಹೇಳಿ."

"ನಮ್ಮಲ್ಲಿ ಇದನ್ನು ಕೊಟ್ಟವರು ದೊಡ್ಡವರಾದರೆ ಅವರ ಕಾಲಿಗೆ ಬೀಳುತ್ತೇವೆ ಯುವರ್ ಆನರ್. ನಾನೂ ಬಿದ್ದೆ. ಎದ್ದಾಗ ಅವರು ಕಾಗದಕ್ಕೆ ಕೈ ಚಾಚಿದರು. ಕಾಲಿಗೆ ಬಿದ್ದವಳು ಮರುಗಳಿಗೆಯಲ್ಲೇ, ನೀವು ಯಾರು ಎಂದು ಕೇಳಲಾರಳು. ಕೋರ್ಟು ಕಳಿಸಿದವಳು ಕೇಳಬೇಕಿತ್ತು."

ದನಿ ನಡುಗಲಿಲ್ಲ.

ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದೇಶ ರದ್ದಾಯಿತು. ಸಾನ್ವಿಯ ಪಾಸ್‌ಪೋರ್ಟ್ ಕೋರ್ಟಿನ ವಶಕ್ಕೆ ಬಂತು. ಇಬ್ಬರ ಮಾತನ್ನೂ ಮೊದಲಿನಿಂದ ಕೇಳುವುದೆಂದು ತೀರ್ಮಾನವಾಯಿತು. ಶಾಂತಮ್ಮನ ಹೆಸರಿನ ಮುಂದೆ ಒಂದು ಎಚ್ಚರಿಕೆಯೂ ದಾಖಲಾಯಿತು. ನ್ಯಾಯಾಧೀಶೆ ಬರೆಸಿದ ಕೊನೆಯ ಸಾಲು ಮಾತ್ರ ಪೀಟರನಿಗೆ ಬಾಯಿಪಾಠ: ಈ ನ್ಯಾಯಾಲಯ ತನ್ನ ಕಣ್ಣಿನಿಂದ ನೋಡಲಾರದ ಬಾಗಿಲುಗಳನ್ನು ಇಂಥವರ ಕಣ್ಣಿನಿಂದ ನೋಡುತ್ತದೆ, ಈ ಸಾಕ್ಷಿ ತನ್ನ ಕಣ್ಣು ತಪ್ಪಿದ್ದನ್ನೂ ನಮಗೆ ಕಾಣಿಸಿದ್ದಾರೆ.

ಪೀಟರ್ ಹೇಳಿದ್ದೆಲ್ಲ ನಡೆಯಿತು. ಆ ಆಫೀಸಿನಿಂದ ಮತ್ತೆ ಕಾಗದ ಬರಲಿಲ್ಲ. ಲೈಸೆನ್ಸ್ ಕೈಗೆ ಬರುವಾಗ ಮಾರ್ಚ್ ಆಯಿತು. ನಡುವಿನ ಮೂರು ತಿಂಗಳು ಶಾಂತಮ್ಮ ಮನೆಯಲ್ಲಿದ್ದರು. ಅಷ್ಟು ದಿನವೂ ಬೆಳಿಗ್ಗೆ ಬಾಟಲಿ ತುಂಬಿಸಿ ಅಡುಗೆಮನೆ ಕಿಟಕಿಯಲ್ಲಿಡುತ್ತಿದ್ದರು. ಬಾಲಕೃಷ್ಣ ಆಗ ಕೆಣಕಲಿಲ್ಲ. ಒಂದು ದಿನ ಮಾತ್ರ, ಹೆಂಡತಿ ಸ್ನಾನಕ್ಕೆ ಹೋದಾಗ, ತಾವೇ ತುಂಬಿಸಿ ತಲೆಕೆಳಗು ಮಾಡಿ ನೋಡಿ ಇಟ್ಟರು. ಲೈಸೆನ್ಸ್ ಬಂದ ವಾರವೇ ಬೇರೆ ಎರಡು ಆಫೀಸುಗಳು ಶಾಂತಮ್ಮನನ್ನು ಕರೆದವು. ತನ್ನ ತಪ್ಪನ್ನು ತಾನೇ ಹೇಳುವವಳ ಅಫಿಡವಿಟ್ಟಿಗೆ ಯಾರೂ ಅಡ್ಡಪ್ರಶ್ನೆ ಹಾಕುವುದಿಲ್ಲ ಎಂಬುದು ವಕೀಲರ ಲೆಕ್ಕಾಚಾರ. ಆ ಎರಡರಲ್ಲಿ ಒಂದು ಮೇರಿಯ ಆಫೀಸು. ಅವಳ ಕೆಲಸವನ್ನು ಶಾಂತಮ್ಮ ಒಪ್ಪಲಿಲ್ಲ. ಅಪೂರ್ವಾಳ ಕೇಸು ಇನ್ನೂ ನಡೆಯುತ್ತಿತ್ತು.

ಏಪ್ರಿಲಿನ ಒಂದು ಶುಕ್ರವಾರ ಕೋರ್ಟೇ ಕಳಿಸಿದ ವಿಚಾರಣೆಯ ನೋಟೀಸಿನೊಂದಿಗೆ ಅವರು ಮತ್ತೆ ಕಿಲಿಮಾನಿಯ ಆ ಮನೆಗೆ ಹೋದರು. ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತುವಷ್ಟರಲ್ಲಿ ಮಂಡಿ ಉರಿಯುತ್ತಿತ್ತು. ಬಾಗಿಲು ತೆಗೆದದ್ದು ಸಾನ್ವಿ. ಈ ಸಲ ಶಾಂತಮ್ಮ ಕೇಳುವ ಮೊದಲೇ, "ಮಮ್ಮಿ ಈಸ್ ಹೋಮ್" ಎಂದಿತು.

ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದವರು ಶಾಂತಮ್ಮನನ್ನು ಕಂಡು ಅಲ್ಲೇ ನಿಂತರು.

"ನಾನು ಮನೇಲೇ ಇಟ್ಕೊಂಡು ಬಂದಿದೀನಮ್ಮ" ಎಂದು ಶಾಂತಮ್ಮ ಹಣೆ ತೋರಿಸಿ ನಕ್ಕರು. ಚೀಲದಿಂದ ಹಸಿರು ರವಿಕೆ ಬಟ್ಟೆ ತೆಗೆದು ಆಕೆಯ ತಟ್ಟೆಯಲ್ಲಿಟ್ಟರು. "ಕೋರ್ಟಿಂದ ವಾಪಸ್ ಬಂತು. ಇನ್ಯಾರಿಗಾದ್ರೂ ಕೊಡಿ."

"ನನ್ನ ಮೇಲೆ ಕೋಪಾನಾಮ್ಮ?"

"ನಿಮ್ಮ ಮೇಲೆ ಯಾಕಮ್ಮ ಕೋಪ. ಕೊಟ್ಟೋರದ್ದೇನೂ ತಪ್ಪಿಲ್ಲ."

ಅಪೂರ್ವಾ ಹೊರಬಂದು ನೋಟೀಸು ಓದಿದಳು, ಸಹಿ ಹಾಕಿದಳು. ಸಹಿ ಹಾಕುವಾಗಲೇ, ಶಾಂತಮ್ಮ ಒಂದು ಕಾಲಿನ ಮೇಲೆ ಭಾರ ಹಾಕಿ, ಚೌಕಟ್ಟಿಗೆ ಕೈ ಕೊಟ್ಟು ನಿಂತಿರುವುದು ಅವಳ ಕಣ್ಣಿಗೆ ಬಿತ್ತು.

"ಆಂಟಿ, ಎಡ ಮಂಡಿನಾ? ಎಷ್ಟು ದಿನದಿಂದ?"

"ಅದು ಬಿಡಿ ಮೇಡಂ, ಹಳೇದು."

"ಬಿಡೋಕಾಗಲ್ಲ. ನೀವು ನಿಂತಿರೋ ರೀತಿ ನೋಡಿದ್ರೆ ಗೊತ್ತಾಗತ್ತೆ, ಹೀಗೇ ಮಹಡಿ ಹತ್ತಿದ್ರೆ ಒಂದು ವರ್ಷದಲ್ಲಿ ನಡೆಯೋಕಾಗಲ್ಲ. ಸೋಮವಾರ ಕ್ಲಿನಿಕ್‌ಗೆ ಬನ್ನಿ, ನಾನೇ ನೋಡ್ತೀನಿ. ಫೀಸು ಗೀಸು ಏನೂ ಇಲ್ಲ. ಪ್ಲೀಸ್ ಆಂಟಿ, ಇಷ್ಟಾದ್ರೂ ಮಾಡೋಕೆ ಬಿಡಿ. ನಿಮ್ಮಿಂದ ನನ್ನ ಮಗಳು ಮನೇಲಿದಾಳೆ."

ಶಾಂತಮ್ಮ ಸಹಿಯಾದ ಪ್ರತಿಯನ್ನು ಮಡಿಸಿ ಚೀಲಕ್ಕೆ ಸೇರಿಸಿದರು. ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದು ಮುಚ್ಚಳ ಬಿಗಿದರು.

"ನನ್ನಿಂದಲೇ ಹೋಗ್ತಿದ್ದಳು ಮೇಡಂ. ಬೇರೆ ಡಾಕ್ಟರ ಹತ್ರ ತೋರಿಸ್ಕೊಳ್ತೀನಿ, ನೀವು ಹೇಳಿದೀರಿ ಅಂತ ಇದೇ ವಾರ ಹೋಗ್ತೀನಿ. ನಿಮ್ಮ ಹತ್ರ ಬೇಡ. ಮೇ ಇಪ್ಪತ್ತೊಂದು, ಒಂಬತ್ತು ಗಂಟೆಗೆ. ತಾರೀಖು ಮರೀಬೇಡಿ."

ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿ, ಸಾನ್ವಿಯ ತಲೆ ಸವರಿ, ಕಟಾಂಜನ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.